ಒಂದೂವರೆ ರೂಪಾಯಿ

ಬೈತಖೋಲ್ ಬಂದರಿನ ಐಸ್ ಕಾರ್ಖಾನೆಯ ಹಿಂದೆ
ಸಂಘದ ಕಚೇರಿ. ಅಲ್ಲಿ ಗುಮಾಸ್ತ ನಾನು.
ಆರುನೂರು ಕ್ರೇಟು, ಆರುನೂರು ಬಿಲ್ಲೆ.
ಬಿಲ್ಲೆಯೆಂದರೆ ಸಾಸಿವೆಯಷ್ಟು ಚಿಪ್, ಸುತ್ತ ತಂತಿಯ ಸುರುಳಿ,
ಬ್ಯಾಟರಿ ಇಲ್ಲ.
ಕೈಯಂತ್ರ ಹತ್ತಿರ ಬಂದು ಅಲೆ ಎರೆದರೆ ಏಳುತ್ತದೆ,
ಹೆಸರು ಹೇಳಿ ಮತ್ತೆ ಸತ್ತಂತೆ ಮಲಗುತ್ತದೆ.

ಎರಡು ಥರದವು ಇದ್ದವು.
ಒಂದು, ಯಾರು ಕೇಳಿದರೂ ನಂಬರು ಒದರುವಂಥದ್ದು.
ಇನ್ನೊಂದು ಗುಟ್ಟು ಬಲ್ಲದ್ದು, ಒಂದೂವರೆ ರೂಪಾಯಿ ಜಾಸ್ತಿ.
ಮೀನಿನ ಡಬ್ಬಿಗೆ ಎಂಥ ಗುಟ್ಟು ಅಂದೆ.
ಒಂಬೈನೂರು ಉಳಿಸಿದೆ. ಸಭೆಯಲ್ಲಿ ಚಪ್ಪಾಳೆ.

ಆ ರಾತ್ರಿಯೂ ದೇವಗಡದ ದೀಪ
ಅದೇ ಲಯದಲ್ಲಿ ಕಣ್ಣು ಹೊಡೆಯುತ್ತಿತ್ತು.
ದೀಪಕ್ಕೆ ಅದು ಸರಿ,
ಎಲ್ಲರಿಗೂ ಒಂದೇ ಮಾತು ಹೇಳುವುದೇ ಅದರ ನೌಕರಿ.

ನಿಷೇಧ ಮುಗಿದು ದೋಣಿ ಇಳಿದ ಮೂರನೇ ವಾರ
ನಾನೂರ ಹದಿನೇಳನೇ ಕ್ರೇಟು ಬೆಳಗಿನ ಆರಕ್ಕೆ ನಮ್ಮ ಕಟ್ಟೆಯ ಮೇಲಿತ್ತು,
ಅದೇ ಆರಕ್ಕೆ ಮಡಗಾಂವದ ಮಾರುಕಟ್ಟೆಯಲ್ಲೂ ಇತ್ತು.
ಯಾರೋ ದಾರಿಯಲ್ಲಿ ನಂಬರು ಕೇಳಿಸಿಕೊಂಡು
ಖಾಲಿ ಬಿಲ್ಲೆಗೆ ಬರೆದಿದ್ದ.
ನನ್ನ ಪುಸ್ತಕಕ್ಕೆ ಗೊತ್ತಿದ್ದದ್ದು ಇಷ್ಟೇ:
ಕ್ರೇಟು ಮಾಣಕಾ ಹರಿಕಂತ್ರಳದು,
ಹೇಳದೆ ಗಡಿ ದಾಟಿಸಿದ್ದಾಳೆ, ದಂಡ ಐನೂರ ನಲವತ್ತು.
ಅವಳು ಸೆರಗಿನ ಗಂಟು ಬಿಚ್ಚಿ ಎಣಿಸಿದಳು.
"ಸುಳ್ಳು ಹೇಳ್ತ್ಯಾ?" ಎಂದಳು,
ನನಗಲ್ಲ, ಡಬ್ಬಿಗೆ.

ಗುಟ್ಟು ಅರಿಯದ ಮನೆಯಲ್ಲ ಅದು.
ಬಲೆ ತುಂಬ ಬಂಗಡೆ ಬಂದ ದಿನ
ಪಕ್ಕದ ದೋಣಿಯವರು ಎಲ್ಲಿ ಸಿಕ್ತೋ ಎಂದು ಕೂಗಿದರೆ
ಅವಳ ಅಣ್ಣ ದತ್ತಾ ಹೇಳುವುದು: "ನೀರಗೆ."
ಸುಳ್ಳಲ್ಲವಲ್ಲ.
ಅದನ್ನೇ ಅವನ ತಾಯಿ ಕೇಳಿದರೆ
ಕೂರ್ಮಗಡದ ಬಡಗಣ ಬಂಡೆ, ಏಳು ಮಾರು ಆಳ,
ಯಾವ ಕಡೆಯ ಗಾಳಿ, ಎಲ್ಲ ಬರುತ್ತದೆ.

ದೀಪಾವಳಿಗೆ ಹೊಸ ಬಿಲ್ಲೆ ತರಿಸಿದೆವು.
ಒಳಗೆ ಜಾಗ ಕಡಿಮೆ, ತ್ರಾಣ ಇನ್ನೂ ಕಡಿಮೆ,
ಬ್ಯಾಂಕಿನ ಬೀಗ ಅದರಲ್ಲಿ ಹಿಡಿಸದು.
ಹಿಡಿಸುವುದು ಮೀನು ಇಳಿಸುವ ಹೆಂಗಸರ ಸಾಲಿನಂಥ ಒಂದು ಲೆಕ್ಕ:
ದೋಣಿಯಿಂದ ಕಟ್ಟೆಯವರೆಗೆ ಎಂಬತ್ತು ಜನ,
ಒಬ್ಬೊಬ್ಬಳ ಕೈಯಲ್ಲಿ ಒಂದು ಬುಟ್ಟಿ, ತುಂಬಿದ್ದೋ ಖಾಲಿಯೋ.
ಗಂಟೆ ಬಡಿದಾಗೊಮ್ಮೆ ಪಕ್ಕದವಳಿಗೆ ದಾಟಿಸುತ್ತಾರೆ.
ಕೊನೆಯವಳು ನಡುವಿನ ಮೂವರ ಬುಟ್ಟಿ ಇಣುಕಿ
ಮೊದಲವಳಿಗೆ ತುಂಬಿದ್ದು ಕೊಡಲೋ ಖಾಲಿಯೋ ಎಂದು ಕೂಗಿ ಹೇಳುತ್ತಾಳೆ.
ಸಾವಿರ ಗಂಟೆ ಬಡಿದ ಮೇಲೆ
ಶುರುವಿಗೆ ಯಾರ ಕೈಲಿ ಏನಿತ್ತೆಂದು
ಕಟ್ಟೆಯ ಮೇಲೆ ನಿಂತವನು ಹೇಳಲಾರ.
ಯಂತ್ರ ಪ್ರತಿ ಸಲ ಹೊಸ ಸಂಖ್ಯೆ ಎಸೆಯುತ್ತದೆ,
ಬಿಲ್ಲೆ ತನ್ನ ಗುಟ್ಟಿನ ಜತೆ ಅದನ್ನು ಕಲಸಿ ಉತ್ತರಿಸುತ್ತದೆ.
ಕದ್ದು ಕೇಳಿದವನಿಗೆ ಉಳಿಯುವುದು ನಿನ್ನೆಯ ಉತ್ತರ,
ನಿನ್ನೆಯ ಪೇಟೆ ಧಾರಣೆಯ ಹಾಗೆ.

ಮುರಿಯಲಾಗದ್ದೇನಲ್ಲ.
ಮುರಿಯುವ ಖರ್ಚು ಮೀನಿನ ಬೆಲೆ ಮೀರಿದರೆ ಸಾಕು,
ಕ್ರೇಟು ಸವೆದು ಸೀಳುವವರೆಗೆ ಬಾಳಿದರೆ ಸಾಕು.
ಬಡವರ ಬೀಗಕ್ಕೆ ಇಷ್ಟೇ ಆಯುಷ್ಯ ಸಾಕೆಂದು
ಎಲ್ಲೋ ಕೂತು ಯಾರೋ ಕರಾರುವಾಕ್ಕಾಗಿ ಲೆಕ್ಕ ಹಾಕಿದ್ದಾರೆ,
ನನಗಿಂತ ಮರ್ಯಾದೆಯಿಂದ.

ಮೊದಲ ದಿನ ಬಿಲ್ಲೆ ಬಾಯಿ ಬಿಡಲಿಲ್ಲ.
ಐಸಿನ ನೀರು ಕೂತಿತ್ತು, ನೀರು ಅಲೆಯನ್ನು ಕುಡಿದುಬಿಡುತ್ತದೆ.
ಮಾಣಕಾ ಸೆರಗಿನಿಂದ ಒರೆಸಿದಳು. ಯಂತ್ರ ಪೀಂ ಅಂದಿತು.
ಇನ್ನೊಮ್ಮೆ ಹಿಡಿದೆ, ಪರದೆಯ ಮೇಲೆ ಬೇರೆಯೇ ಅಂಕಿ.
"ಈಗ ಬೇರೆ ಹೇಳ್ತಲ್ಲ?"
"ಹೌದು. ಆದ್ರೂ ಅದು ಅದೇ."
"ಹಂಗಾರೆ ದತ್ತಾನ ತಮ್ಮ," ಎಂದು ನಕ್ಕಳು.

ದಂಡದ ಪುಸ್ತಕದಲ್ಲಿ ಅವಳ ಸಾಲಿಗೆ ಗೀಟು ಎಳೆದಿದ್ದೇನೆ.
ಐನೂರ ನಲವತ್ತು ಲಕೋಟೆಯಲ್ಲಿ, ಮೇಜಿನ ಖಾನೆಯಲ್ಲೇ ಇದೆ.
ದಿನಾ ಎದುರಿಗೆ ಬರುತ್ತಾಳೆ, ಬುಟ್ಟಿ ಇಳಿಸುತ್ತಾಳೆ, ಹೋಗುತ್ತಾಳೆ.
ಕೇಳುವುದಿಲ್ಲ.
ನನ್ನೊಳಗೂ ಬ್ಯಾಟರಿ ಇಲ್ಲ.